ಎಂಜಿನ್ ಶೀತಕ ತಾಪಮಾನ ಸಂವೇದಕ: ಹಳೆಯ ಪಿಕಪ್ ಟ್ರಕ್‌ಗಳಲ್ಲಿ ದೋಷಪತ್ತೆ

ಎಂಜಿನ್ ಶೀತಕ ತಾಪಮಾನ ಸಂವೇದಕವು ಎಂಜಿನ್ನಿನೊಳಗೆ ಹರಿಯುವ ತಂಪುಕಾರಕ ದ್ರವದ (ಶೀತಕ) ಉಷ್ಣತೆಯನ್ನು ಅಳೆದು ಎಂಜಿನ್ ನಿಯಂತ್ರಣ ಕಂಪ್ಯೂಟರಿಗೆ ತಿಳಿಸುವ ಸಣ್ಣ ವಿದ್ಯುತ್ ಸಾಧನವಾಗಿದೆ. ಆಡುಮಾತಿನಲ್ಲಿ ಇದನ್ನು ಟೆಂಪರೇಚರ್ ಸೆನ್ಸರ್ ಅಥವಾ ಕೂಲೆಂಟ್ ಸೆನ್ಸರ್ ಎನ್ನುತ್ತಾರೆ. ಇಂಧನವನ್ನು ಎಷ್ಟು ಸಿಂಪಡಿಸಬೇಕು, ಕಿಡಿಯನ್ನು ಯಾವಾಗ ಹಾರಿಸಬೇಕು, ನಿಂತಲ್ಲಿ ಎಂಜಿನ್ ಎಷ್ಟು ವೇಗದಲ್ಲಿ ತಿರುಗಬೇಕು ಎಂಬ ನಿರ್ಧಾರಗಳಿಗೆಲ್ಲ ಈ ಸಂವೇದಕದ ಮಾಹಿತಿ ಆಧಾರವಾಗುತ್ತದೆ. ಥರ್ಮಾಮೀಟರ್ ಕೆಟ್ಟಿದ್ದರೆ ವೈದ್ಯರು ಕೊಡುವ ಔಷಧಿಯೂ ತಪ್ಪಾಗುವಂತೆ, ಈ ಸಂವೇದಕ ತಪ್ಪು ಹೇಳಿದರೆ ಉಳಿದೆಲ್ಲ ಭಾಗಗಳು ಸರಿಯಾಗಿದ್ದರೂ ಎಂಜಿನ್ ತಪ್ಪಾಗಿ ನಡೆಯುತ್ತದೆ. ಈ ಲೇಖನವು ಜನರಲ್ ಮೋಟಾರ್ಸ್ ಸಂಸ್ಥೆಯ 1988ರಿಂದ 1995ರವರೆಗಿನ ಮಾದರಿಯ ಷೆವರ್ಲೆ ಸಿ/ಕೆ ಪಿಕಪ್ ಟ್ರಕ್ಕುಗಳ ಪೆಟ್ರೋಲ್ ಎಂಜಿನ್‌ಗಳನ್ನು ಮುಖ್ಯ ಉದಾಹರಣೆಯಾಗಿ ಇರಿಸಿಕೊಂಡು, ಈ ಸಂವೇದಕದ ದೋಷವನ್ನು ಪತ್ತೆಹಚ್ಚುವ ವಿಧಾನವನ್ನು ವಿವರಿಸುತ್ತದೆ.

ಹಿನ್ನೆಲೆ

ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ತಣ್ಣಗಿನ ಎಂಜಿನ್ನಿಗೆ ಹೆಚ್ಚು ಇಂಧನ ಒದಗಿಸುವ ಕೆಲಸವನ್ನು ಚೋಕ್ ಎಂಬ ಯಾಂತ್ರಿಕ ಏರ್ಪಾಡು ಮಾಡುತ್ತಿತ್ತು. ಹೊಗೆ ನಿಯಂತ್ರಣದ ಕಾನೂನುಗಳು ಬಿಗಿಯಾದಂತೆ ಅಮೆರಿಕದ ತಯಾರಕರು ಕಂಪ್ಯೂಟರ್ ನಿಯಂತ್ರಿತ ಇಂಧನ ಸಿಂಪರಣೆಯತ್ತ ಹೊರಳಿದರು. ಷೆವರ್ಲೆ ಸಿ/ಕೆ ಪಿಕಪ್‌ಗಳ ಹೊಸ ತಲೆಮಾರು 1988ರ ಮಾದರಿ ವರ್ಷದಲ್ಲಿ ಬಂದಾಗ, ಅವುಗಳ 4.3 ಲೀಟರ್, 5.0 ಲೀಟರ್ ಮತ್ತು 5.7 ಲೀಟರ್ ಪೆಟ್ರೋಲ್ ಎಂಜಿನ್‌ಗಳಲ್ಲಿ ಥ್ರಾಟಲ್ ಬಾಡಿ ಇಂಜೆಕ್ಷನ್ ಪದ್ಧತಿಯಿತ್ತು. ಈ ಪದ್ಧತಿಯಲ್ಲಿ ಒಳಗೆ ಬರುವ ಗಾಳಿಯ ತೂಕವನ್ನು ನೇರವಾಗಿ ಅಳೆಯುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ, ಎಂಜಿನ್ನಿನ ವೇಗ ಮತ್ತು ಉಷ್ಣತೆಗಳಿಂದ ಕಂಪ್ಯೂಟರ್ ಅದನ್ನು ಲೆಕ್ಕ ಹಾಕುತ್ತದೆ.

ಅಮೆರಿಕದಲ್ಲಿ ಮಾರಾಟವಾಗುವ ಕಾರು ಮತ್ತು ಲಘು ಟ್ರಕ್ಕುಗಳಿಗೆಲ್ಲ ಓಬಿಡಿ-2 ಎಂಬ ಏಕರೂಪದ ದೋಷಪತ್ತೆ ವ್ಯವಸ್ಥೆ 1996ರ ಮಾದರಿ ವರ್ಷದಿಂದ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ವಾಹನಗಳಲ್ಲಿ ಪ್ರತಿ ತಯಾರಕರದೂ ಪ್ರತ್ಯೇಕ ಪದ್ಧತಿ. ಇಂದು ಸುಲಭವಾಗಿ ದೊರೆಯುವ ಅಗ್ಗದ ಸ್ಕ್ಯಾನರ್‌ಗಳು ಇವುಗಳಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಆದ್ದರಿಂದ ಹಳೆಯ ಪಿಕಪ್ಪಿನ ದೋಷಪತ್ತೆಗೆ ಮಲ್ಟಿಮೀಟರ್, ಥರ್ಮಾಮೀಟರ್ ಮತ್ತು ಕ್ರಮಬದ್ಧ ಯೋಚನೆ ಇಂದಿಗೂ ಮುಖ್ಯ ಉಪಕರಣಗಳು.

ರಚನೆ ಮತ್ತು ಕಾರ್ಯತತ್ತ್ವ

ಸಂವೇದಕದ ಹೊರಕವಚ ತಿರುಪು ಸುತ್ತುಗಳುಳ್ಳ ಲೋಹದ್ದು. ಅದರ ತುದಿ ಶೀತಕದಲ್ಲಿ ಮುಳುಗಿರುತ್ತದೆ. ತುದಿಯೊಳಗೆ ಥರ್ಮಿಸ್ಟರ್ ಎಂಬ ಅರೆವಾಹಕದ ತುಣುಕು ಇರುತ್ತದೆ. ಉಷ್ಣತೆ ಏರಿದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ. ಮೇಲೆ ಹೇಳಿದ ಟ್ರಕ್ಕುಗಳಲ್ಲಿ ಬಳಸುವ ಎರಡು ತಂತಿಯ ಸಂವೇದಕದ ರೋಧ ಸುಮಾರು ಹೀಗಿರುತ್ತದೆ:

0 ಡಿಗ್ರಿ ಸೆಲ್ಸಿಯಸ್: 9,420 ಓಮ್
20 ಡಿಗ್ರಿ ಸೆಲ್ಸಿಯಸ್: 3,520 ಓಮ್
40 ಡಿಗ್ರಿ ಸೆಲ್ಸಿಯಸ್: 1,459 ಓಮ್
60 ಡಿಗ್ರಿ ಸೆಲ್ಸಿಯಸ್: 667 ಓಮ್
80 ಡಿಗ್ರಿ ಸೆಲ್ಸಿಯಸ್: 332 ಓಮ್
90 ಡಿಗ್ರಿ ಸೆಲ್ಸಿಯಸ್: 241 ಓಮ್
100 ಡಿಗ್ರಿ ಸೆಲ್ಸಿಯಸ್: 177 ಓಮ್

ಕಂಪ್ಯೂಟರ್ ತನ್ನೊಳಗಿನ ಒಂದು ಸ್ಥಿರ ರೋಧಕದ ಮೂಲಕ 5 ವೋಲ್ಟ್ ವಿದ್ಯುತ್ತನ್ನು ಸಂವೇದಕಕ್ಕೆ ಕಳಿಸಿ, ಸಂವೇದಕದ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಉಳಿಯುತ್ತದೆ ಎಂದು ಅಳೆಯುತ್ತದೆ. ಸ್ಥಿರ ರೋಧಕ 2,000 ಓಮ್ ಎಂದು ಭಾವಿಸಿದರೆ, 20 ಡಿಗ್ರಿಯಲ್ಲಿ ಸುಮಾರು 3.2 ವೋಲ್ಟ್ ಮತ್ತು 90 ಡಿಗ್ರಿಯಲ್ಲಿ ಸುಮಾರು 0.5 ವೋಲ್ಟ್ ದೊರೆಯುತ್ತದೆ. ಹೆಚ್ಚು ವೋಲ್ಟ್ ಎಂದರೆ ತಣ್ಣಗಿದೆ, ಕಡಿಮೆ ವೋಲ್ಟ್ ಎಂದರೆ ಬಿಸಿಯಾಗಿದೆ ಎಂಬುದು ಇದರ ಸೂತ್ರ. ಈ ಸೂತ್ರದಿಂದ ಎರಡು ಸಂಗತಿಗಳು ಹೊರಡುತ್ತವೆ. ತಂತಿ ಕಡಿದುಹೋದರೆ ಪೂರ್ತಿ 5 ವೋಲ್ಟ್ ಉಳಿಯುವುದರಿಂದ ಎಂಜಿನ್ ಹೆಪ್ಪುಗಟ್ಟುವಷ್ಟು ತಣ್ಣಗಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಎರಡು ತಂತಿಗಳು ಒಂದಕ್ಕೊಂದು ತಾಗಿದರೆ ವೋಲ್ಟ್ ಸೊನ್ನೆಗೆ ಇಳಿದು, ಎಂಜಿನ್ ಅತಿಯಾಗಿ ಕಾದಿದೆ ಎಂದು ತಿಳಿಯುತ್ತದೆ. ಪರೀಕ್ಷೆಯ ಕ್ರಮವೆಲ್ಲ ಈ ಎರಡು ಸಂಗತಿಗಳ ಮೇಲೆ ನಿಂತಿದೆ.

ಜನರಲ್ ಮೋಟಾರ್ಸಿನ ಕೆಲವು ಕಂಪ್ಯೂಟರ್‌ಗಳು ಎಂಜಿನ್ ಸುಮಾರು 50 ಡಿಗ್ರಿಗೆ ಬಂದಾಗ ಒಳಗಿನ ಸ್ಥಿರ ರೋಧಕವನ್ನು ಬದಲಿಸಿಕೊಳ್ಳುತ್ತವೆ. ಆಗ ಇಳಿಯುತ್ತಿದ್ದ ವೋಲ್ಟೇಜ್ ಒಮ್ಮೆಲೇ ಮೇಲಕ್ಕೆ ಜಿಗಿದು ಮತ್ತೆ ಇಳಿಯಲಾರಂಭಿಸುತ್ತದೆ. ಈ ಜಿಗಿತವನ್ನು ಸಂವೇದಕದ ದೋಷವೆಂದು ತಪ್ಪಾಗಿ ತಿಳಿಯಬಾರದು.

ಗೇಜಿನ ಘಟಕಕ್ಕೂ ಸಂವೇದಕಕ್ಕೂ ಇರುವ ವ್ಯತ್ಯಾಸ

ಈ ಟ್ರಕ್ಕುಗಳಲ್ಲಿ ಉಷ್ಣತೆ ಅಳೆಯುವ ಸಾಧನಗಳು ಎರಡು. ಕಂಪ್ಯೂಟರಿಗೆ ಮಾಹಿತಿ ಕೊಡುವ ಎರಡು ತಂತಿಯ ಸಂವೇದಕವು ಇನ್‌ಟೇಕ್ ಮ್ಯಾನಿಫೋಲ್ಡಿನ ಮುಂಭಾಗದಲ್ಲಿ, ಥರ್ಮೋಸ್ಟಾಟ್ ಗೂಡಿನ ಸಮೀಪ ಇರುತ್ತದೆ. ಚಾಲಕನ ಮುಂದಿನ ಗೇಜಿನ ಮುಳ್ಳನ್ನು ಆಡಿಸುವ ಒಂದು ತಂತಿಯ ಘಟಕವು ಸಿಲಿಂಡರ್ ಹೆಡ್‌ನಲ್ಲಿ ಇರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ವಿದ್ಯುತ್ ಸಂಬಂಧವಿಲ್ಲ. ಹೀಗಾಗಿ ಗೇಜ್ ಸರಿಯಾಗಿ ತೋರಿಸುತ್ತಿದೆ ಎಂದಮಾತ್ರಕ್ಕೆ ಸಂವೇದಕ ಸರಿಯಾಗಿದೆ ಎನ್ನಲಾಗದು. ಗೇಜ್ ಕೆಟ್ಟಾಗ ಸಂವೇದಕವನ್ನು ಬದಲಿಸಿದರೆ ಪ್ರಯೋಜನವೂ ಇಲ್ಲ. ಹಣ ಮತ್ತು ಶ್ರಮ ವ್ಯರ್ಥವಾಗುವ ಸಾಮಾನ್ಯ ತಪ್ಪುಗಳಲ್ಲಿ ಇದು ಮೊದಲನೆಯದು.

ದೋಷದ ಕಾರಣಗಳು

ಸಂವೇದಕದಲ್ಲಿ ಚಲಿಸುವ ಭಾಗಗಳಿಲ್ಲ. ಆದರೂ ಹಳೆಯ ವಾಹನಗಳಲ್ಲಿ ಈ ಕೆಳಗಿನ ಕಾರಣಗಳಿಂದ ದೋಷ ಉಂಟಾಗುತ್ತದೆ:

• ವರ್ಷಗಟ್ಟಲೆ ಕಾಯುವುದು, ತಣಿಯುವುದು ನಡೆದು ಥರ್ಮಿಸ್ಟರಿನ ಗುಣ ಬದಲಾಗುವುದು ಅಥವಾ ಒಳಗಿನ ಬೆಸುಗೆ ಬಿಡುವುದು.
• ಕನೆಕ್ಟರಿನ ಲೋಹದ ಕಾಲುಗಳಿಗೆ ಕಿಲುಬು ಹಿಡಿಯುವುದು ಅಥವಾ ಅವು ಸಡಿಲವಾಗುವುದು.
• ಸಂವೇದಕದ ಒಳಗಿನಿಂದ ಶೀತಕ ಜಿನುಗಿ ಕನೆಕ್ಟರಿಗೆ ಸೇರುವುದು.
• ಎಂಜಿನ್ನಿನ ಶಾಖಕ್ಕೆ ತಂತಿಯ ಹೊದಿಕೆ ಪೆಡಸಾಗಿ ಬಿರಿಯುವುದು, ಲೋಹಕ್ಕೆ ಉಜ್ಜಿ ಸವೆಯುವುದು.
• ಶೀತಕ ಕಡಿಮೆಯಾಗಿ ಸಂವೇದಕದ ತುದಿ ದ್ರವದ ಬದಲು ಗಾಳಿಯ ಗುಳ್ಳೆಯಲ್ಲಿ ಉಳಿಯುವುದು.

ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಹೊಸ ಸಂವೇದಕ ನೇರ ಪರಿಹಾರ. ಮೂರನೆಯದಕ್ಕೆ ಹೊಸ ಸಂವೇದಕದ ಜೊತೆಗೆ ಕನೆಕ್ಟರಿನ ದುರಸ್ತಿಯೂ ಬೇಕು. ಉಳಿದ ಮೂರರಲ್ಲಿ ಹೊಸ ಸಂವೇದಕ ಹಾಕಿದರೂ ತೊಂದರೆ ಹಾಗೆಯೇ ಉಳಿಯುತ್ತದೆ.

ಲಕ್ಷಣಗಳು

ಪೆಟ್ರೋಲ್ ಎಂಜಿನ್ನಿನಲ್ಲಿ ಪೂರ್ಣ ದಹನಕ್ಕೆ ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಚೆನ್ನಾಗಿ ಆವಿಯಾಗದೆ ಮ್ಯಾನಿಫೋಲ್ಡಿನ ಗೋಡೆಗಳಿಗೆ ಅಂಟಿಕೊಳ್ಳುವುದರಿಂದ ಕಂಪ್ಯೂಟರ್ ಹೆಚ್ಚುವರಿ ಇಂಧನ ಒದಗಿಸುತ್ತದೆ. ಸಂವೇದಕದ ತಪ್ಪು ಯಾವ ದಿಕ್ಕಿನದು ಎಂಬುದರ ಮೇಲೆ ಲಕ್ಷಣಗಳು ಬೇರೆಯಾಗುತ್ತವೆ.

ಎಂಜಿನ್ ಬಿಸಿಯಾಗಿದ್ದರೂ ತಣ್ಣಗಿದೆ ಎಂದು ಸಂವೇದಕ ಹೇಳಿದರೆ ಇಂಧನ ಅತಿಯಾಗುತ್ತದೆ. ಕಪ್ಪು ಹೊಗೆ, ಪೆಟ್ರೋಲಿನ ವಾಸನೆ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್, ಇಳಿದ ಮೈಲೇಜ್, ಬಿಸಿ ಎಂಜಿನ್ ಮತ್ತೆ ಚಾಲೂ ಆಗಲು ಸತಾಯಿಸುವುದು ಇದರ ಗುರುತುಗಳು. ಆಮ್ಲಜನಕ ಸಂವೇದಕದ ಮಾಹಿತಿಯಿಂದ ಇಂಧನವನ್ನು ತಿದ್ದಿಕೊಳ್ಳುವ ಹಂತಕ್ಕೆ ಕಂಪ್ಯೂಟರ್ ಹೋಗುವುದಿಲ್ಲ. ಆಟೋಮ್ಯಾಟಿಕ್ ಗೇರ್ ಇರುವ ವಾಹನದಲ್ಲಿ ಟಾರ್ಕ್ ಕನ್ವರ್ಟರಿನ ಕ್ಲಚ್ ಕೂಡಿಕೊಳ್ಳದೆ ಹೆದ್ದಾರಿಯಲ್ಲಿ ಎಂಜಿನ್ ಅಗತ್ಯಕ್ಕಿಂತ ಹೆಚ್ಚು ವೇಗವಾಗಿ ತಿರುಗಬಹುದು. ಗೇರ್ ಪೆಟ್ಟಿಗೆ ಕೆಟ್ಟಿತೆಂದು ಭಾವಿಸಿ ದೊಡ್ಡ ದುರಸ್ತಿಗೆ ಕೈಹಾಕುವ ಮೊದಲು ಈ ಸಣ್ಣ ಸಂವೇದಕವನ್ನು ಪರೀಕ್ಷಿಸುವುದು ಲೇಸು. ದೋಷ ದೀರ್ಘಕಾಲ ಮುಂದುವರಿದರೆ ಸುಡದ ಇಂಧನದಿಂದ ಹೊಗೆ ಶುದ್ಧಿಯ ಕೆಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾದು ಹಾಳಾಗುತ್ತದೆ. ಹೊಗೆಯಲ್ಲಿ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ.

ಎಂಜಿನ್ ತಣ್ಣಗಿದ್ದರೂ ಬಿಸಿಯಾಗಿದೆ ಎಂದು ಸಂವೇದಕ ಹೇಳಿದರೆ ಇಂಧನ ಸಾಲದಾಗುತ್ತದೆ. ಬೆಳಗಿನ ಹೊತ್ತು ಎಂಜಿನ್ ಚಾಲೂ ಆಗದಿರುವುದು, ಚಾಲೂ ಆಗಿ ನಿಂತುಹೋಗುವುದು, ವೇಗ ಹೆಚ್ಚಿಸುವಾಗ ಮುಗ್ಗರಿಸುವುದು, ಕಾದ ಮೇಲೆ ಎಲ್ಲವೂ ಸರಿಹೋಗುವುದು ಇದರ ಗುರುತುಗಳು. ಚಳಿ ಹೆಚ್ಚಿರುವ ಪ್ರದೇಶಗಳಲ್ಲಿ ಈ ದೋಷ ಬೇಗ ಎದ್ದು ಕಾಣುತ್ತದೆ.

ದೋಷಸಂಕೇತಗಳನ್ನು ಓದುವುದು

ಕಂಪ್ಯೂಟರ್ ದೋಷವನ್ನು ಗಮನಿಸಿದಾಗ ಚಾಲಕನ ಮುಂದಿನ ಎಂಜಿನ್ ಎಚ್ಚರಿಕೆಯ ದೀಪ ಬೆಳಗುತ್ತದೆ. ಸಂಕೇತವು ಕಂಪ್ಯೂಟರಿನ ನೆನಪಿನಲ್ಲಿ ಉಳಿಯುತ್ತದೆ. 1995ರವರೆಗಿನ ಬಹುತೇಕ ಸಿ/ಕೆ ಟ್ರಕ್ಕುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಚಾಲಕನ ಬದಿಗೆ 12 ಕಿಂಡಿಗಳ ಕನೆಕ್ಟರ್ ಇರುತ್ತದೆ. ಸಂಕೇತ ಓದುವ ಕ್ರಮ ಹೀಗಿದೆ:

1. ಇಗ್ನಿಷನ್ ಬಂದ್ ಇರುವಾಗ ಕನೆಕ್ಟರಿನ ಎ ಮತ್ತು ಬಿ ಕಿಂಡಿಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಬೇಕು. ಮೇಲಿನ ಸಾಲಿನ ಬಲತುದಿಯ ಎರಡು ಕಿಂಡಿಗಳು ಇವು. ಬೇರೆ ಕಿಂಡಿಗಳನ್ನು ಜೋಡಿಸಬಾರದು.
2. ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಕೀಲಿಯನ್ನು ಮಾತ್ರ ಆನ್ ಮಾಡಬೇಕು.
3. ದೀಪ ಒಮ್ಮೆ ಮಿನುಗಿ, ಸ್ವಲ್ಪ ತಡೆದು, ಎರಡು ಬಾರಿ ಮಿನುಗುತ್ತದೆ. ಇದು ಸಂಕೇತ 12. ಇದು ಮೂರು ಸಲ ಬರುತ್ತದೆ. ದೋಷಪತ್ತೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂಬುದಷ್ಟೇ ಇದರ ಅರ್ಥ.
4. ಬಳಿಕ ನೆನಪಿನಲ್ಲಿರುವ ಪ್ರತಿ ಸಂಕೇತವೂ ಮೂರು ಮೂರು ಸಲ ಬರುತ್ತದೆ. ಕೊನೆಗೆ ಮತ್ತೆ 12 ಬರುತ್ತದೆ.

ಸಂಕೇತ 14 ಎಂದರೆ ಶೀತಕ ಸಂವೇದಕದ ವೋಲ್ಟೇಜ್ ತೀರ ಕಡಿಮೆ, ಅಂದರೆ ಅಸಾಧ್ಯವಾದಷ್ಟು ಬಿಸಿ. ಸಂಕೇತ 15 ಎಂದರೆ ವೋಲ್ಟೇಜ್ ತೀರ ಹೆಚ್ಚು, ಅಂದರೆ ಅಸಾಧ್ಯವಾದಷ್ಟು ತಂಪು. ಸಂಕೇತವು ದೋಷವಿರುವ ವಿದ್ಯುನ್ಮಂಡಲವನ್ನು ಹೆಸರಿಸುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಸಂವೇದಕ, ಕನೆಕ್ಟರ್, ತಂತಿ, ಕಂಪ್ಯೂಟರ್ ಈ ನಾಲ್ಕರಲ್ಲಿ ಯಾವುದು ಕಾರಣವೆಂದು ಪರೀಕ್ಷೆಯೇ ಹೇಳಬೇಕು.

ಪರೀಕ್ಷೆಯ ಕ್ರಮ

ಮೊದಲು ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಶೀತಕದ ಮಟ್ಟ ನೋಡಬೇಕು. ಅನಂತರ ಕನೆಕ್ಟರನ್ನು ಬಿಡಿಸಿ ಕಿಲುಬು, ತೇವ, ಬಾಗಿದ ಕಾಲುಗಳು ಇವೆಯೇ ಎಂದು ಕಣ್ಣಾರೆ ಪರಿಶೀಲಿಸಬೇಕು.

ಸಂವೇದಕದ ರೋಧ: ವಾಹನವನ್ನು ರಾತ್ರಿಯಿಡೀ ನಿಲ್ಲಿಸಿದ್ದರೆ ಬೆಳಿಗ್ಗೆ ಎಂಜಿನ್ ಮತ್ತು ಗಾಳಿಯ ಉಷ್ಣತೆ ಒಂದೇ ಆಗಿರುತ್ತದೆ. ಆಗ ಸಾಮಾನ್ಯ ಥರ್ಮಾಮೀಟರಿನಿಂದ ಗಾಳಿಯ ಉಷ್ಣತೆ ನೋಡಿ, ಕನೆಕ್ಟರ್ ಬಿಡಿಸಿದ ಸಂವೇದಕದ ಎರಡು ಕಾಲುಗಳ ನಡುವಿನ ರೋಧವನ್ನು ಅಳೆದು, ಮೇಲಿನ ಪಟ್ಟಿಯೊಂದಿಗೆ ಹೋಲಿಸಬೇಕು. ಎಂಜಿನ್ ಪೂರ್ತಿ ಕಾದ ಮೇಲೆ ಮತ್ತೊಮ್ಮೆ ಅಳೆಯಬೇಕು. ಒಂದೇ ಅಳತೆ ಸಾಲದು. ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದಾಗ ತಪ್ಪುವ ಸಂವೇದಕಗಳೂ ಇರುತ್ತವೆ.

ತಂತಿಗಳ ಪರೀಕ್ಷೆ: ಕನೆಕ್ಟರ್ ಬಿಡಿಸಿ ಇಗ್ನಿಷನ್ ಆನ್ ಮಾಡಿದಾಗ ತಂತಿಯ ಕಡೆಯ ಎರಡು ಕಿಂಡಿಗಳ ನಡುವೆ ಸುಮಾರು 5 ವೋಲ್ಟ್ ಇರಬೇಕು. ಇದ್ದರೆ ಕಂಪ್ಯೂಟರಿನ ಪೂರೈಕೆ ಮತ್ತು ಎರಡು ತಂತಿಗಳು ತುಂಡಾಗಿಲ್ಲ ಎಂದು ತಿಳಿಯಬಹುದು. ಇಲ್ಲದಿದ್ದರೆ ತಂತಿ ಕಡಿದಿದೆ, ತಾಗಿಕೊಂಡಿದೆ ಅಥವಾ ಕಂಪ್ಯೂಟರಿನಲ್ಲೇ ದೋಷವಿದೆ.

ಸ್ಕ್ಯಾನರ್ ಇದ್ದರೆ: ಆ ಕಾಲದ ಪದ್ಧತಿಗೆ ಹೊಂದುವ ಸ್ಕ್ಯಾನರ್ ದೊರೆತರೆ ಕೆಲಸ ಸುಲಭ. ಸಂಕೇತ 14 ಇದ್ದಾಗ ಕನೆಕ್ಟರ್ ಬಿಡಿಸಿದರೆ ತೋರಿಸುವ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗೆ ಇಳಿಯಬೇಕು. ಇಳಿದರೆ ದೋಷ ಸಂವೇದಕದ್ದು. ಇಳಿಯದಿದ್ದರೆ ತಂತಿಯದು ಅಥವಾ ಕಂಪ್ಯೂಟರಿನದು. ಸಂಕೇತ 15 ಇದ್ದಾಗ ತಂತಿಯ ಕಡೆಯ ಎರಡು ಕಿಂಡಿಗಳನ್ನು ಪರಸ್ಪರ ಜೋಡಿಸಿದರೆ ಉಷ್ಣತೆ ಅತಿಯಾಗಿ ಏರಬೇಕು. ಏರಿದರೆ ದೋಷ ಸಂವೇದಕದ್ದು ಅಥವಾ ಕನೆಕ್ಟರಿನ ಸಂಪರ್ಕದ್ದು.

ಬಿಚ್ಚಿದ ಸಂವೇದಕದ ಪರೀಕ್ಷೆ: ಸಂವೇದಕದ ತುದಿಯನ್ನು ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿಯೂ ಆಮೇಲೆ ಬಿಸಿನೀರಿನಲ್ಲಿಯೂ ಇಟ್ಟು ರೋಧ ಅಳೆಯಬಹುದು. ಕುದಿಯುವ ನೀರು ಎಲ್ಲೆಡೆಯೂ 100 ಡಿಗ್ರಿ ಇರುವುದಿಲ್ಲ ಎಂಬುದನ್ನು ನೆನಪಿಡಬೇಕು. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಅಮೆರಿಕದ ಡೆನ್ವರಿನಲ್ಲಿ ನೀರು ಸುಮಾರು 95 ಡಿಗ್ರಿಗೆ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಆದ್ದರಿಂದ ನೀರಿನಲ್ಲಿ ಥರ್ಮಾಮೀಟರನ್ನೂ ಇಡುವುದು ಉತ್ತಮ.

ಸಂಕೇತ ತೋರದ ದೋಷ

ವೋಲ್ಟೇಜ್ ಅಸಾಧ್ಯವಾದ ಮಟ್ಟಕ್ಕೆ ಹೋದಾಗ ಮಾತ್ರ ಈ ಹಳೆಯ ಕಂಪ್ಯೂಟರ್ ಸಂಕೇತ 14 ಅಥವಾ 15ನ್ನು ದಾಖಲಿಸುತ್ತದೆ. ಆಗ ಅದು ಸಂವೇದಕದ ಮಾಹಿತಿಯನ್ನು ಬದಿಗಿಟ್ಟು, ಮೊದಲೇ ನಿಗದಿಯಾದ ಬದಲಿ ಮೌಲ್ಯದಿಂದ ಎಂಜಿನ್ ನಡೆಸುತ್ತದೆ. ಆದರೆ ನಂಬಬಹುದಾದ ಸುಳ್ಳನ್ನು ಅದು ಸತ್ಯವೆಂದೇ ಸ್ವೀಕರಿಸುತ್ತದೆ. ಪೂರ್ತಿ ಕೆಟ್ಟ ಸಂವೇದಕಕ್ಕಿಂತ ಅರ್ಧ ಕೆಟ್ಟ ಸಂವೇದಕ ಹೆಚ್ಚು ಕಾಡುವುದು ಇದೇ ಕಾರಣದಿಂದ.

ಕನೆಕ್ಟರಿನ ಕಿಲುಬು 1,200 ಓಮ್‌ನಷ್ಟು ಹೆಚ್ಚುವರಿ ರೋಧ ಸೇರಿಸಿದೆ ಎಂದು ಭಾವಿಸೋಣ. ಬೆಳಿಗ್ಗೆ 20 ಡಿಗ್ರಿಯಲ್ಲಿ 3,520 ಇರಬೇಕಾದದ್ದು 4,720 ಓಮ್ ಆಗಿ, ಕಂಪ್ಯೂಟರಿಗೆ ಎಂಜಿನ್ ಸುಮಾರು 14 ಡಿಗ್ರಿ ಇದ್ದಂತೆ ಕಾಣುತ್ತದೆ. ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಎಂಜಿನ್ ಕಾದು 90 ಡಿಗ್ರಿಗೆ ಬಂದಾಗ 241 ಇರಬೇಕಾದದ್ದು 1,441 ಓಮ್ ಆಗುತ್ತದೆ. ಆಗ ಕಂಪ್ಯೂಟರಿಗೆ ಎಂಜಿನ್ ಇನ್ನೂ 40 ಡಿಗ್ರಿಯಲ್ಲಿದ್ದಂತೆ ಕಾಣುತ್ತದೆ. ಬೆಳಿಗ್ಗೆ ಸರಾಗವಾಗಿ ಹೊರಟ ಟ್ರಕ್ಕು ಕಾದ ಮೇಲೆ ಕಪ್ಪು ಹೊಗೆ ಉಗುಳುತ್ತದೆ, ಎಚ್ಚರಿಕೆಯ ದೀಪ ಮಾತ್ರ ಬೆಳಗುವುದಿಲ್ಲ. ಸಂವೇದಕವನ್ನು ಬೇರೆಯಾಗಿ ಅಳೆದರೆ ಅದು ಸರಿಯಾಗಿಯೇ ಇರುತ್ತದೆ. ಇಂಥಲ್ಲಿ ಕನೆಕ್ಟರ್ ಜೋಡಿಸಿದ ಸ್ಥಿತಿಯಲ್ಲಿ, ತಂತಿಯ ಹಿಂಬದಿಯಿಂದ ತೆಳುವಾದ ಸೂಜಿ ತೂರಿಸಿ ವೋಲ್ಟೇಜ್ ಅಳೆಯುವುದರಿಂದ ನಿಜ ಹೊರಬೀಳುತ್ತದೆ.

ಗೊಂದಲಕ್ಕೆ ಎಡೆಮಾಡುವ ಇತರ ದೋಷಗಳು

ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಎಂಜಿನ್ ನಿಜವಾಗಿಯೂ ಕಾಯುವುದಿಲ್ಲ. ಆಗ ಸಂವೇದಕ ಹೇಳುವುದು ಸತ್ಯವೇ. ಕ್ಯಾಬಿನ್ನಿನ ಹೀಟರ್ ಸರಿಯಾಗಿ ಬಿಸಿಯಾಗದಿರುವುದು ಮತ್ತು ಗೇಜಿನ ಮುಳ್ಳು ಕೆಳಗೇ ಉಳಿಯುವುದು ಇದರ ಸುಳಿವು. ಮ್ಯಾನಿಫೋಲ್ಡ್ ಒತ್ತಡ ಸಂವೇದಕದ ರಬ್ಬರ್ ಕೊಳವೆ ಬಿರಿದಿದ್ದರೆ, ಆಮ್ಲಜನಕ ಸಂವೇದಕ ಸೋತಿದ್ದರೆ ಅಥವಾ ಇಂಜೆಕ್ಟರ್ ಸೋರುತ್ತಿದ್ದರೆ ಕೂಡ ಇಂಧನ ಅತಿಯಾಗುತ್ತದೆ. ನಿಜವಾಗಿಯೂ ಎಂಜಿನ್ ಅತಿಯಾಗಿ ಕಾಯುತ್ತಿರುವಾಗ ಸಂವೇದಕವನ್ನು ಸಂಶಯಿಸಿ ವಾಹನ ಓಡಿಸುತ್ತ ಹೋದರೆ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು, ಗ್ಯಾಸ್ಕೆಟ್ ಸುಡಬಹುದು. ಕೆಲವು ನೂರು ರೂಪಾಯಿಯ ಬಿಡಿಭಾಗದ ಸಂಶಯದಲ್ಲಿ ಇಡೀ ಎಂಜಿನ್ನನ್ನೇ ಕಳೆದುಕೊಳ್ಳುವ ಅಪಾಯ ಇಲ್ಲಿದೆ. ಗೇಜ್ ಅಪಾಯದ ಗೆರೆ ಮುಟ್ಟಿದರೆ ಮೊದಲು ವಾಹನ ನಿಲ್ಲಿಸಿ, ಆಮೇಲೆ ಕಾರಣ ಹುಡುಕಬೇಕು.

ಬದಲಾವಣೆ

ಎಂಜಿನ್ ಪೂರ್ತಿ ತಣಿದ ಮೇಲೆ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ, ಸಂವೇದಕದ ಮಟ್ಟಕ್ಕಿಂತ ಕೆಳಗಿಳಿಯುವಷ್ಟು ಶೀತಕವನ್ನು ಶುಭ್ರ ಪಾತ್ರೆಗೆ ಇಳಿಸಿಕೊಳ್ಳಬೇಕು. ಕನೆಕ್ಟರಿನ ಕೊಂಡಿಯನ್ನು ಎತ್ತಿ ಬಿಡಿಸಬೇಕು, ತಂತಿ ಹಿಡಿದು ಎಳೆಯಬಾರದು. ತಕ್ಕ ಅಳತೆಯ ಸ್ಪ್ಯಾನರಿನಿಂದ ಹಳೆಯದನ್ನು ಬಿಚ್ಚಿ, ಹೊಸದರ ಸುತ್ತುಗಳಿಗೆ ಸೀಲಂಟ್ ಹಚ್ಚಿ ಕೂರಿಸಬೇಕು. ಅಳೆಯುವ ತುದಿಗೆ ಸೀಲಂಟ್ ತಾಗಬಾರದು. ಎರಡು ತಂತಿಯ ಸಂವೇದಕಕ್ಕೆ ತನ್ನದೇ ಅರ್ಥ್ ತಂತಿ ಇರುವುದರಿಂದ ಸೀಲಂಟ್ ತೊಂದರೆ ಕೊಡುವುದಿಲ್ಲ. ಗೇಜಿನ ಒಂದು ತಂತಿಯ ಘಟಕವು ತನ್ನ ಸುತ್ತುಗಳ ಮೂಲಕವೇ ಅರ್ಥ್ ಪಡೆಯುವುದರಿಂದ ಅದಕ್ಕೆ ಟೇಪ್ ಸುತ್ತಿದರೆ ಗೇಜ್ ತಪ್ಪು ತೋರಬಹುದು. ಅತಿಯಾಗಿ ಬಿಗಿದರೆ ಸಂವೇದಕ ಮುರಿಯಬಹುದು.

ಬಳಿಕ ಶೀತಕ ತುಂಬಿ, ಎಂಜಿನ್ ಓಡಿಸಿ, ಒಳಗಿನ ಗಾಳಿ ಹೊರಹೋಗಲು ಬಿಟ್ಟು, ಸೋರಿಕೆ ಇದೆಯೇ ಎಂದು ನೋಡಬೇಕು. ಬ್ಯಾಟರಿಯ ತಂತಿ ಬಿಚ್ಚಿದ್ದರಿಂದ ಹಳೆಯ ಸಂಕೇತ ಅಳಿಸಿಹೋಗಿರುತ್ತದೆ. ಕೆಲವು ದಿನ ವಾಹನ ಓಡಿಸಿದ ಮೇಲೂ ಸಂಕೇತ ಮರಳದಿದ್ದರೆ ದುರಸ್ತಿ ಸಫಲವಾಗಿದೆ ಎನ್ನಬಹುದು.

ಸುರಕ್ಷತೆ

• ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ಒತ್ತಡದಲ್ಲಿರುವ ಕುದಿದ್ರವ ಚಿಮ್ಮಿ ಮುಖ, ಕೈ ಸುಡುತ್ತದೆ.
• ಶೀತಕದಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ಅದರ ರುಚಿ ಸಿಹಿಯಾದ್ದರಿಂದ ಮಕ್ಕಳು ಮತ್ತು ಸಾಕುಪ್ರಾಣಿಗಳಿಗೆ ಸಿಗದಂತೆ ಇಡಬೇಕು. ಚೆಲ್ಲಿದ್ದನ್ನು ಕೂಡಲೇ ತೊಳೆಯಬೇಕು.
• ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಪರೀಕ್ಷೆ ಮಾಡಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಪ್ರಾಣ ತೆಗೆಯುತ್ತದೆ.
• ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನ ತಂತಿಗಳು, ಬಟ್ಟೆ, ಕೂದಲು ಫ್ಯಾನ್ ಮತ್ತು ಬೆಲ್ಟಿನಿಂದ ದೂರವಿರಬೇಕು.

ಇತರ ತಯಾರಕರ ವಾಹನಗಳು

ತತ್ತ್ವ ಒಂದೇ ಆದರೂ ಅಂಕಿಗಳು ಬೇರೆ. ಅದೇ ಕಾಲದ ಫೋರ್ಡ್ ಎಫ್-150 ಪಿಕಪ್ಪಿನ ಸಂವೇದಕದ ರೋಧ 20 ಡಿಗ್ರಿಯಲ್ಲಿ ಸುಮಾರು 37,000 ಓಮ್, 100 ಡಿಗ್ರಿಯಲ್ಲಿ ಸುಮಾರು 2,000 ಓಮ್. ಟೊಯೋಟಾದ 22ಆರ್-ಇ ಎಂಜಿನ್ನಿನ ಪಿಕಪ್ಪಿನಲ್ಲಿ 20 ಡಿಗ್ರಿಗೆ 2,000ದಿಂದ 3,000 ಓಮ್ ಮತ್ತು 80 ಡಿಗ್ರಿಗೆ 200ರಿಂದ 400 ಓಮ್ ಇರಬೇಕು. ಆದ್ದರಿಂದ ತಿರುಪು ಹೊಂದಿದರೂ ಒಂದರ ಸಂವೇದಕವನ್ನು ಇನ್ನೊಂದಕ್ಕೆ ಹಾಕಲಾಗದು, ಒಂದರ ಪಟ್ಟಿಯಿಂದ ಇನ್ನೊಂದನ್ನು ಅಳೆಯಲೂ ಆಗದು. 1996ರಿಂದೀಚಿನ ಓಬಿಡಿ-2 ವಾಹನಗಳಲ್ಲಿ ಸಂಕೇತಗಳು ಏಕರೂಪವಾಗಿವೆ. ಪಿ0117 ಎಂದರೆ ಸಂವೇದಕದ ವೋಲ್ಟೇಜ್ ಕಡಿಮೆ, ಪಿ0118 ಎಂದರೆ ಹೆಚ್ಚು. ಪಿ0116 ಎಂದರೆ ಅಳತೆ ನಂಬಲರ್ಹವಲ್ಲ. ಹಳೆಯ ವ್ಯವಸ್ಥೆ ಗುರುತಿಸಲಾಗದಿದ್ದ ಅರ್ಧ ದೋಷವನ್ನು ಹಿಡಿಯಲೆಂದೇ ಈ ಕೊನೆಯ ಸಂಕೇತವಿದೆ.

ಇವನ್ನೂ ನೋಡಿ

• ಥರ್ಮಿಸ್ಟರ್
• ಥರ್ಮೋಸ್ಟಾಟ್
• ಆಮ್ಲಜನಕ ಸಂವೇದಕ
• ಇಂಧನ ಸಿಂಪರಣೆ
• ಅಂತರ್ದಹನ ಎಂಜಿನ್